ತೊಳ್ಕೊಂಡು ಹೋಗಿದ್ದೇ ತಪ್ಪು

“ಸೌದೆ ಒಲೆ ಊದಿ ಊದಿ ಕೆಮ್ಮು ತರಿಸ್ಕೊಂಡಿದ್ದೀಯ. ಹಳ್ಳಿ ಹೆಂಗಸರದೆಲ್ಲ ಇದೇ ಕಥೆ,” ಅಂದ್ರು ಪಟ್ಟಣದ ದೊಡ್ಡಾಸ್ಪತ್ರೆ ಡಾಕ್ಟ್ರು, ನನ್ನ ತಂಗಿ ಮುಖಾನೂ ನೋಡ್ದೆ.

“ನಮ್ಮನೆಗೆ ಗ್ಯಾಸ್ ಬಂದು ಆರು ವರ್ಷ ಆಯ್ತು ಸ್ವಾಮಿ,” ಅಂದ್ಲು ಅವಳು. “ನಾನು ಕಲ್ಲು ಕ್ರಷರಲ್ಲಿ ಜಲ್ಲಿ ಹೊರೋಳು. ಇದು ಧೂಳಿನ ಕೆಮ್ಮು. ಹಂಗಂತ ಬರ್ಕೊಡಿ.”

ಆಗ ತಲೆ ಎತ್ತಿದ್ರು. ಕಂಡಿದ್ದೇನು? ಎಣ್ಣೆ ಹಚ್ಚಿ ಬಾಚಿದ ತಲೆ, ಪೆಟ್ಟಿಗೆಯಿಂದ ತೆಗೆದ ಬಟ್ಟೆ, ಉಜ್ಜಿ ತೊಳೆದ ಉಗುರು.

“ಎಲ್ಲಮ್ಮ ಧೂಳು?” ಅಂದು, ‘ಒಲೆ ಹೊಗೆ’ ಅಂತ ಗೀಚಿ, ಮುಂದಿನವರನ್ನ ಕರೆದ್ರು.

ತಪ್ಪು ನಮ್ದೇ ಅನ್ನಿ. ಪಟ್ಟಣದ ಆಸ್ಪತ್ರೆ ಅಂದ್ರೆ ನಮ್ಮ ಜನ ಮದುವೆಗೆ ಹೊರಟೋರ ಥರ ಸಿಂಗಾರ ಆಗ್ತಾರೆ. ನಾನೇ ಅವತ್ತು ಬೆಳಿಗ್ಗೆ, “ಚೆನ್ನಾಗಿ ಉಜ್ಕೊಳ್ಳೇ, ಡಾಕ್ಟ್ರು ಮೂಗು ಮುಚ್ಕೊಂಡಾರು,” ಅಂದಿದ್ದೆ. ಸಾಕ್ಷಿ ಎಲ್ಲಾನೂ ಬಚ್ಚಲಿಗೆ ಬಿಟ್ಟು ಎರಡು ಬಸ್ಸು ಹತ್ತಿದ್ವಿ!

ಚೀಟಿ ನೋಡಿ ಕ್ರಷರ್ ಸಾವ್ಕಾರ ಕುರ್ಚಿ ಮುರಿಯೋ ಹಾಗೆ ನಕ್ಕ. “ಧೂಳಿಂದ ಅಂತ ಬರೆಸ್ಕೊಂಡು ಬಾ, ಔಷಧಿ ಕೊಡಿಸ್ತೀನಿ ಅಂದಿದ್ದೆ. ನಿಮ್ಮನೆ ಒಲೇಗೂ ನಾನೇನಾ ಹೊಣೆ, ಮುದುಕಾ? ನಾಳೆ ಅವಳನ್ನ ಕೆಲಸಕ್ಕೆ ಕಳಿಸು.”

“ಬಡ್ಡಿಮಗನೇ,” ಅಂದೆ. ಮನಸ್ಸಲ್ಲೇ.

ತಂಗಿ ನನ್ನಂಗಲ್ಲ. ಮುಂದಿನ ವಾರ ಬೆಳಗಿನ ಪಾಳಿ ಮುಗೀತಿದ್ದಂಗೇ ಮುಖಾನೂ ತೊಳೀದೆ ಬಸ್ಸು ಹತ್ತಿದ್ಲು. ಹಿಂದೆ ಜಲ್ಲಿ ಹೊರೋ ಒಂಬತ್ತು ಹೆಂಗಸರು, ಎಲ್ಲರಿಗೂ ಅದೇ ಕೆಮ್ಮು. ಬಾಲದಂಗೆ ನಾನು.

“ಏನ್ರಮ್ಮ, ಹಿಟ್ಟಿನ ಮೂಟೇಲಿ ಬಿದ್ದಿದ್ರಾ?” ಅಂದ ಕಂಡಕ್ಟರು.

ಆಸ್ಪತ್ರೆ ಆಯಾ ಬಾಗಿಲಿಗೇ ಅಡ್ಡ ನಿಂತ್ಲು. “ಈಗಷ್ಟೇ ಒರೆಸಿದೀನಿ, ಆಚೆ ನಿಂತ್ಕೊಳ್ರೇ!”

“ಈ ನೆಲದ ಅಡಿ ಇರೋ ಜಲ್ಲೀನೂ ನಾವೇ ಹೊತ್ತಿದ್ದು ಕಣಮ್ಮ,” ಅಂತ ತಂಗಿ ಒಳಗೇ ನಡೆದ್ಲು.

ಡಾಕ್ಟ್ರ ಮೇಜಿನ ಮುಂದೆ ನಿಂತು, ತಲೆಗೆ ಕಟ್ಟಿದ್ದ ಟವೆಲ್ಲು ಬಿಚ್ಚಿ ಒಂದೇ ಸಲ ಕೊಡವಿದ್ಲು ನೋಡಿ. ಮೇಲೆ ಫ್ಯಾನು ತಿರುಗ್ತಾನೇ ಇತ್ತು. ಕನ್ನಡಕ ಬೆಳ್ಳಗಾಯ್ತು, ಡಾಕ್ಟ್ರಿಗೆ ಹಿಡೀತು ಕೆಮ್ಮು. ಕೆಮ್ಮೇ ಕೆಮ್ಮು. ಬಾಗಿಲಲ್ಲಿ ಒಂಬತ್ತು ಜನಾನೂ ಜೊತೆಗೆ ಕೆಮ್ಮಿದ್ರು.

ತಂಗಿ ಕುರ್ಚಿ ಎಳ್ಕೊಂಡು ಕೂತ್ಲು. ನೀರಿನ ಲೋಟ ಅವರ ಕಡೆ ತಳ್ಳಿದ್ಲು. ಖಾಲಿ ಚೀಟಿ ಮುಂದಿಟ್ಟು, ಪೆನ್ನು ಕೈಗೆ ಕೊಟ್ಟು, ಮೆತ್ತಗೆ ಕೇಳಿದ್ಲು:

“ಮನೇಲಿ ಸೌದೆ ಒಲೇನಾ, ಸ್ವಾಮಿ?”