ಪಕ್ಕದ ಸೀಟಿನ ಬ್ರೇಕು

ಸ್ಟೇರಿಂಗ್ ಹಿಡಿದು ಗೊತ್ತಿಲ್ಲದವರು ಡ್ರೈವಿಂಗ್ ಸ್ಕೂಲಿನ ಕಥೆ ಹೇಳಲು ಹೊರಡುವುದು ಅಧಿಕಪ್ರಸಂಗವೇ ಸರಿ. ತಪ್ಪಿದ್ದರೆ ಬಲ್ಲವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಟೀಚರಮ್ಮ ಹದಿನಾರು ವರ್ಷಗಳಿಂದ ಕಾರು ಓಡಿಸುವುದನ್ನು ಕಲಿಸುತ್ತಿದ್ದರು. ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಬಳಿ ಒಂದು ಬ್ರೇಕು, ಪಕ್ಕದಲ್ಲಿ ಕೂತು ಕಲಿಸುವವರ ಕಾಲಬಳಿ ಇನ್ನೊಂದು. ಎರಡನೆಯದು ಅಪಾಯಕ್ಕೆ ಮಾತ್ರ. ತಾವು ಅದನ್ನು ವರ್ಷಕ್ಕೆ ನಾಲ್ಕೈದು ಸಲ ತುಳಿದರೆ ಹೆಚ್ಚು ಎಂದು ಟೀಚರಮ್ಮ ಹೇಳಿಕೊಳ್ಳುತ್ತಿದ್ದರು. ಯಾರನ್ನೂ ಗದರದೆ ಕಲಿಸುತ್ತೇನೆ ಎಂದೂ ಹೇಳುತ್ತಿದ್ದರು. ಹೆಮ್ಮೆ ಪಡಲು ಅವರ ಬಳಿ ಬೇರೆ ಹೆಚ್ಚೇನೂ ಇರಲಿಲ್ಲ.

ಈಗ ಅವರಲ್ಲಿ ಕಲಿಯುತ್ತಿದ್ದವಳು ಗುಬ್ಬಿ. ಹತ್ತೊಂಬತ್ತರ ಹುಡುಗಿ, ರಸ್ತೆ ಕಾಣಬೇಕಾದರೆ ದಿಂಬಿನ ಮೇಲೆ ಕೂರಬೇಕಾದಷ್ಟು ಗಿಡ್ಡ. ಒಂದು ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್ ಸಾಗಿಸುವ ವ್ಯಾನಿನ ಕೆಲಸ ಅವಳಿಗಾಗಿ ಕಾದಿತ್ತು. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಗುರುವಾರ ಮೂರನೆಯದು. ಅದೂ ಹೋದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಲ್ಯಾಬಿನವರು ಹೇಳಿಬಿಟ್ಟಿದ್ದರು.

ವಿಚಿತ್ರವೆಂದರೆ, ಪಾಠದಲ್ಲಿ ಗುಬ್ಬಿಯಷ್ಟು ನಯವಾಗಿ ಬ್ರೇಕು ಹಾಕುವವರೇ ಇರಲಿಲ್ಲ. ನಿದ್ದೆ ಹೋದ ಕೂಸನ್ನು ಹಾಸಿಗೆಗೆ ಇಳಿಸಿದ ಹಾಗೆ ಕಾರು ನಿಲ್ಲುತ್ತಿತ್ತು. ಪರೀಕ್ಷೆಯಲ್ಲಿ ಮಾತ್ರ ಎರಡು ಸಲವೂ ನಿಲ್ಲಬೇಕಾದ ಬಿಳಿ ಗೆರೆ ದಾಟಿಹೋಗಿತ್ತು. "ಭಯ ಕಣೇ, ಇನ್ನೇನಿಲ್ಲ," ಎಂದು ಟೀಚರಮ್ಮ ಸಮಾಧಾನ ಹೇಳಿದ್ದರು.

ಸೋಮವಾರ ಕಾರು ರಿಪೇರಿಗೆ ಹೋಗಿತ್ತು. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಬಂದ.

"ಅಕ್ಕಾ, ಒಂದು ಮಾತು ಕೇಳ್ಲಾ? ಬೈಬಾರದು."

"ಕೇಳಪ್ಪ."

"ಈ ಕಾರು ಓಡ್ಸೋದು ಮಕ್ಕಳೋ, ನೀವೋ?"

ಎರಡು ಬ್ರೇಕ್ ಪೆಡಲ್‌ಗಳ ರಬ್ಬರನ್ನು ಅವನು ಬಾನೆಟ್ ಮೇಲಿಟ್ಟ. ಒಂದರಲ್ಲಿ ಕಾಲು ಜಾರದಿರಲೆಂದು ಕೊರೆದ ಗೀರುಗಳು ಇನ್ನೂ ಇದ್ದವು. ಇನ್ನೊಂದು ಸವೆದು ಬೋಳಾಗಿತ್ತು.

"ಬೋಳಾಗಿರೋದು ನಿಮ್ಮ ಕಡೇದು. ಎರಡನ್ನೂ ಒಂದೇ ದಿನ ಹಾಕಿದ್ದು ನಾನೇ," ಎಂದ.

ಟೀಚರಮ್ಮನಿಗೆ ತುಳಿದ ನೆನಪೇ ಇರಲಿಲ್ಲ. ಮಧ್ಯಾಹ್ನ ಅಭ್ಯಾಸದ ಮೈದಾನದಲ್ಲಿ ಗುಬ್ಬಿ ಕಾರು ಓಡಿಸುತ್ತಿರುವಾಗ ಅವರು ಮುಂದಿನ ದಾರಿ ಬಿಟ್ಟು ತಮ್ಮ ಕಾಲನ್ನೇ ನೋಡುತ್ತಾ ಕೂತರು. ಗೆರೆ ಹತ್ತಿರವಾಗುತ್ತಿದ್ದಂತೆ ಅದು ಹೇಳದೆ ಕೇಳದೆ ಪೆಡಲಿನ ಮೇಲೆ ಹೋಗಿ ಕೂತಿತು. ಅವರು ಗಾಬರಿಯಿಂದ ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡರು. ಕಾರು ಗೆರೆ ದಾಟಿ, ಪ್ಲಾಸ್ಟಿಕ್ ಡ್ರಮ್ಮಿಗೆ ಗೇಣು ದೂರದಲ್ಲಿ ನಿಂತಿತು.

"ಟೀಚರಮ್ಮ! ಬ್ರೇಕಿಗೆ ಏನಾಯ್ತು?"

"ಅದು... ಹೊಸ ರಬ್ಬರ್ ಹಾಕಿದಾರೆ. ಸ್ವಲ್ಪ ಬಿಗಿ ಇರತ್ತೆ."

ಬಾಯಿಗೆ ಬಂದ ಸುಳ್ಳು. ಅದನ್ನು ನಂಬಿ ಗುಬ್ಬಿ ಉಳಿದ ಹೊತ್ತೆಲ್ಲ ಜಿರಳೆ ಹೊಸಕಿದ ಹಾಗೆ ಬ್ರೇಕು ತುಳಿದಳು.

ಮನೆಗೆ ಬಂದ ಮೇಲೂ ಟೀಚರಮ್ಮನಿಗೆ ಬಗೆಹರಿಯಲಿಲ್ಲ. ನಿಜ ಹೇಳಿದರೆ ಹುಡುಗಿಯ ಧೈರ್ಯ ಹೋಗುತ್ತದೆ. ಹೇಳದಿದ್ದರೆ ಕೆಲಸವೇ ಹೋಗುತ್ತದೆ. ಇಷ್ಟು ವರ್ಷ ಬಾಯಲ್ಲಿ ಗದರಲಿಲ್ಲ, ಸರಿ, ಕಾಲಲ್ಲಿ ಮಾಡಿದ್ದೇನು? ಅದು ಅಕ್ಕರೆಯೋ, ಅಪನಂಬಿಕೆಯೋ? ಎರಡೂ ಆಗಿರಬಹುದು ಅನ್ನಿಸಿ ಇನ್ನಷ್ಟು ಗೊಂದಲವಾಯಿತು.

ಮಂಗಳವಾರ ಗುಬ್ಬಿ ದಿಂಬು ಸರಿಮಾಡಿಕೊಂಡು ಕೂತ ಕೂಡಲೇ ಅವರು, "ಗಾಡಿ ನಿಲ್ಸೇ," ಎಂದರು.

"ನಿಂತೇ ಇದೆಯಲ್ಲ ಟೀಚರಮ್ಮ. ನಾನಿನ್ನೂ ಸ್ಟಾರ್ಟೇ ಮಾಡಿಲ್ಲ."

ಅವರು ರಬ್ಬರಿನ ವಿಷಯ, ಕಾಲಿನ ವಿಷಯ, ನಿನ್ನೆಯ ಸುಳ್ಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ಗುಬ್ಬಿ ಸ್ಟೇರಿಂಗನ್ನು ತೋಳಿನಿಂದ ಒರೆಸುತ್ತಾ ಕೂತಳು.

"ಅಂದ್ರೆ ಇಷ್ಟು ದಿನ ನಿಲ್ಲಿಸ್ತಿದ್ದಿದ್ದು ನೀವು."

"ಅರ್ಧ ಇರಬೇಕು. ಮುಕ್ಕಾಲೋ ಏನೋ. ಗೊತ್ತಿಲ್ಲ ಮಗಳೇ."

"ಎರಡು ಸಲ ಫೇಲಾದಾಗ ನಮ್ಮಮ್ಮ, ನಿನಗೆ ಕೈಕಾಲು ಸ್ವಾಧೀನ ಇಲ್ಲ ಅಂದ್ಳು. ನಾನೂ ಹೌದು ಅಂದ್ಕೊಂಡೆ."

ಟೀಚರಮ್ಮ ತಮ್ಮ ಪಾದಗಳನ್ನು ಸೀಟಿನಡಿಗೆ ಎಳೆದುಕೊಂಡರು.

"ಇಳೀರಿ," ಎಂದಳು ಗುಬ್ಬಿ.

"ಏನೇ?"

"ಇಳಿದು ಹಿಂದುಗಡೆ ಕೂತ್ಕೊಳ್ಳಿ. ಅಲ್ಲಿ ತುಳಿಯೋಕೆ ಏನೂ ಇಲ್ಲವಲ್ಲ."

ಖಾಲಿ ಮೈದಾನದಲ್ಲಿ ಎರಡು ದಿನ ಟೀಚರಮ್ಮ ಹಿಂದಿನ ಸೀಟಿನಲ್ಲಿ ಕೂತು ಪ್ರತಿ ಬ್ರೇಕಿಗೂ ಮುಂದಕ್ಕೆ ವಾಲಿದರು. ಒಮ್ಮೆ ಕಾರು ಗೆರೆಗೆ ಮಾರು ದೂರವಿರುವಾಗಲೇ ನಿಂತರೆ, ಇನ್ನೊಮ್ಮೆ ದಾಟಿ ನಿಲ್ಲುತ್ತಿತ್ತು. ದಿಂಬು ಜಾರಿ, ಗುಬ್ಬಿಯ ಗಲ್ಲ ಸ್ಟೇರಿಂಗಿಗೆ ತಾಗುತ್ತಿತ್ತು. ಬುಧವಾರ ಸಂಜೆಯವರೆಗೂ ಒಂದೇ ಒಂದು ಸಲ ನಯವಾಗಿ ನಿಲ್ಲಲಿಲ್ಲ.

ಗುರುವಾರ ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರ್ ದಪ್ಪನೆಯ ಮನುಷ್ಯ, ನೆಗಡಿಯಾಗಿತ್ತು. ಅದೇ ಕಾರಿನಲ್ಲಿ ಗುಬ್ಬಿಯ ಪಕ್ಕ ಕೂತರು. ಟೀಚರಮ್ಮ ಪರೀಕ್ಷೆಯ ಮೈದಾನದ ಗೋಡೆಯಾಚೆ ತುದಿಗಾಲಲ್ಲಿ ನಿಂತಿದ್ದರು. ಕಾರು ಗೆರೆಗೆ ಬಂತು. ಹಗುರವಾಗಿ, ಒಂದಿಷ್ಟೂ ಕುಲುಕದೆ ನಿಂತಿತು.

ಪಾಸು! ಗುಬ್ಬಿ ಚೀಟಿ ಬೀಸುತ್ತಾ ಓಡಿ ಬಂದಳು. "ಬ್ರೇಕು ಚೆನ್ನಾಗಿದೆ ಅಂತ ಬರೆದಿದಾರೆ ಟೀಚರಮ್ಮ!"

ಟೀಚರಮ್ಮನಿಗೆ ಮಾತ್ರ ನಂಬಿಕೆ ಬರಲಿಲ್ಲ. ಕಾರು ನಿಲ್ಲುವಾಗ ಇನ್ಸ್‌ಪೆಕ್ಟರ್ ಮುಂದಕ್ಕೆ ಬಾಗಿದ್ದನ್ನು ಅವರು ನೋಡಿದ್ದರು. ಸೀನಿದರೋ, ತುಳಿದರೋ? ಗೋಡೆಯಾಚೆಯಿಂದ ಭುಜವಷ್ಟೇ ಕಂಡಿತ್ತು.

"ಅವರ ಕಾಲು ಎಲ್ಲಿತ್ತೇ?"

"ಅಯ್ಯೋ, ನಾನು ಗೆರೆ ನೋಡ್ಲಾ, ಅವರ ಪಾದ ನೋಡ್ಲಾ?"

ವಾಪಸು ಬರುವಾಗಲೂ ಟೀಚರಮ್ಮ ಹಿಂದೆಯೇ ಕೂತರು. ಮೊದಲ ಸಿಗ್ನಲಿನಲ್ಲಿ ಕಾರು ಜಗ್ಗಿ ನಿಂತಿತು. ಎರಡನೆಯದರಲ್ಲಿ ಬೆಣ್ಣೆಯ ಹಾಗೆ. ಮೂರನೆಯದರಲ್ಲಿ ಮತ್ತೆ ಜಗ್ಗಿತು. ಸೋಮವಾರ ಲ್ಯಾಬಿನ ಕೆಲಸ ಶುರುವಾದರೆ ಇವಳ ಬೆನ್ನ ಹಿಂದೆ ರಕ್ತದ ಗಾಜಿನ ಸೀಸೆಗಳಿರುತ್ತವೆ.

"ಶನಿವಾರ, ಭಾನುವಾರ ಬೆಳಿಗ್ಗೆ ಬರ್ತೀಯಾ?" ಎಂದು ಕೇಳಿದರು. "ನಾನು ಹಿಂದೆ ಕೂತಿರ್ತೀನಿ."

"ಬರ್ತೀನಿ. ಆದ್ರೆ ಉಸಿರು ಬಿಗಿ ಹಿಡ್ಕೊಂಡು ಕೂರಬಾರದು. ಇಲ್ಲಿಗೇ ಕೇಳ್ಸತ್ತೆ."

ಆ ಗೆರೆಯ ಮೇಲೆ ಕಾರು ನಿಲ್ಲಿಸಿದ್ದು ಯಾರ ಕಾಲು? ಮೊದಲ ದಿನದಿಂದಲೇ ಟೀಚರಮ್ಮ ತಮ್ಮ ಕಾಲು ತೆಗೆದಿದ್ದರೆ ಗುಬ್ಬಿ ಬೇಗ ಕಲಿಯುತ್ತಿದ್ದಳೋ, ಹೆದರಿ ಓಡಿಹೋಗುತ್ತಿದ್ದಳೋ? ಟೀಚರಮ್ಮನಿಗೆ ಗೊತ್ತಿಲ್ಲ. ಇದನ್ನು ಹೇಳಲು ಹೊರಟವರಿಗೂ ಗೊತ್ತಿಲ್ಲ.