ಅಡಕತ್ತರಿಯಲ್ಲಿ ತುಂಡಾದ ಮಾತ್ರೆ

ಬಿಗಿಯುತ್ತಿದೆ, ಬಿಗಿಯಲಿ, ತೋಳಿಗೆ ಸುತ್ತಿದ ಪಟ್ಟಿ ಉಬ್ಬಿ ಉಬ್ಬಿ ಬಳೆಗಾರನ ಕೈಗಿಂತ ಜೋರಾಗಿ ಹಿಂಡುತ್ತಿದೆ, ಡಾಕ್ಟರಮ್ಮ ರಬ್ಬರಿನ ಬುರುಡೆಯನ್ನು ಪುಸ್ ಪುಸ್ ಅಂತ ಒತ್ತುತ್ತಿದ್ದಾರೆ, ಗಾಜಿನ ಕೊಳವೆಯಲ್ಲಿ ಪಾದರಸ ಏರುತ್ತಿದೆ, ಪುಟ್ಟತಾಯಮ್ಮ, ಈಗ ಮಾತಾಡಬೇಡಿ, ಮಾತಾಡಿದರೆ ಒತ್ತಡ ಹೆಚ್ಚು ತೋರಿಸುತ್ತೆ ಅಂತಾರೆ — ಆಯ್ತು ಕಣವ್ವ, ಮುಚ್ಚಿದೆ, ಇಡೀ ಹನಗೋಡಿನಲ್ಲಿ ನನ್ನ ಬಾಯಿ ಮುಚ್ಚಿಸಿದವರು ನೀವೊಬ್ಬರೇ, ಒಳಗಿನ ಬಾಯಿಗೆ ಯಾವ ಪಟ್ಟಿ ಸುತ್ತುತ್ತೀರೋ ನೋಡೋಣ. ತಿಂಗಳಿಗೊಮ್ಮೆ ಡಾಕ್ಟರಮ್ಮ ಬಂದು ಕೂರುವ ಈ ಇಸ್ಕೂಲಿನ ಜಗಲಿ ತಣ್ಣಗಿದೆ, ಹೊಂಗೆಮರದ ಕೆಳಗೆ ನಮ್ಮ ಗಾಡಿ, ನಮ್ಮ ಯಜಮಾನರು ನಿಂಗಯ್ಯನವರು ಆಗಲೇ ಹುಲ್ಲು ಹಾಸಿ ಅದರ ಮೇಲೆ ಕಂಬಳಿ ಹಾಸುತ್ತಿದ್ದಾರೆ, ವೀರನಹೊಸಹಳ್ಳಿಯಿಂದ ತುಂಬಿದ ಬಸುರಿ ಮಗಳು ಚಲುವಿಯನ್ನು ಕರೆತರಲು, ಚೊಚ್ಚಲ ಬಾಣಂತನ, ತವರಿನಲ್ಲೇ ಆಗಬೇಕು, ಆದರೆ ಗಾಡಿ ಹೊರಡಬೇಕೋ ಬೇಡವೋ ಹೇಳುವುದು ಈ ಪಾದರಸ. ಓದು ಬಾರದ ನಮಗೆಂದು ಡಾಕ್ಟರಮ್ಮ ಕೊಳವೆಗೆ ಕೆಂಪು ದಾರ ಕಟ್ಟಿದ್ದಾರೆ, ನೂರೈವತ್ತರ ಗುರುತು, ಅಲ್ಲಿಂದ ಮೇಲೆ ಒಂದೊಂದು ದೊಡ್ಡ ಗೆರೆಗೂ ಹತ್ತು ಹತ್ತು ಎಣಿಸಲು ಕಲಿಸಿದ್ದಾರೆ, ಪಾದರಸ ಇಳಿಯುವಾಗ ಎಲ್ಲಿ ಮೊದಲು ಮಿಡಿಯುತ್ತದೋ ಅದೇ ನಿಮ್ಮ ಲೆಕ್ಕ, ದಾರಕ್ಕಿಂತ ಮೇಲೆ ಮಿಡಿದರೆ ನೀವು ಮೈಸೂರಿನ ಆಸ್ಪತ್ರೆ ಮಂಚಕ್ಕೆ, ಕೆಳಗೆ ಮಿಡಿದರೆ ಮಗಳ ಬಾಣಂತನಕ್ಕೆ ಅಂದಿದ್ದಾರೆ. ಹಂಡೆಗಟ್ಟಲೆ ನೀರು ಹುಯ್ಯಬೇಕು, ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಬೇಕು, ಅದನ್ನು ಇನ್ನೊಬ್ಬರ ಕೈಗೆ ಬಿಟ್ಟು ನಾನು ಮಂಚದ ಮೇಲೆ ಬಿದ್ದಿರುವುದೇ.

ಏರಲಿ, ಇನ್ನೂ ಏರಲಿ, ಇಳಿಯುವಾಗ ತಾನೇ ಮಾತು. ನಂಗೇನೂ ನೋವಿಲ್ವಲ್ಲ ಅಂದಿದ್ದೆ ಮೊದಲ ದಿನ, ಡಾಕ್ಟರಮ್ಮ ಒತ್ತಡ ಇದೆ ಅಂದಾಗ, ನಮ್ಮಕ್ಕನಿಗೂ ನೋವಿರಲಿಲ್ಲ, ಅರವತ್ತೆಂಟನೇ ಇಸವಿಯಲ್ಲಿ, ಮುದ್ದೆ ತೊಳಸುತ್ತಾ ತೊಳಸುತ್ತಾ ಒಲೆಯ ಮುಂದೆ ಕುಸಿದಳು, ಬಾಯಿ ಸೊಟ್ಟಗಾಯಿತು, ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸಿದೆವು, ಮೂರೇ ದಿನ, ಯಾರಿಗೆ ಗೊತ್ತಿತ್ತು ಅದು ರಕ್ತದ ಒತ್ತಡ ಅಂತ, ಮೈಕೈ ತುಂಬಿಕೊಂಡು ಕೆಂಪಗೆ ಇದ್ದಳು, ಎಲ್ಲರೂ ಹೊಗಳುತ್ತಿದ್ದರು. ಉಪ್ಪು ಬಿಟ್ಟೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ, ರುಚಿ ಹೋಗಲಿ ತಾಯಿ ಉಳಿಯಲಿ ಅಂತ ಬಿಟ್ಟೆ, ಹುರುಳಿ ಸಾರು ಬಾಯಿಗಿಟ್ಟು ನಿಂಗಯ್ಯನವರು, ಇದೇನಮ್ಮಿ ಇದು, ಕಲಗಚ್ಚು ಕುಡ್ಕಂಡಂಗದೆ, ನಮ್ಮ ಎತ್ತುಗೋಳೇ ವಾಸಿ, ಅವಕ್ಕಾದ್ರೂ ಉಪ್ಪು ಆಕ್ತೀಯ — ನಕ್ಕು ನಕ್ಕು ಮುದ್ದೆ ಗಂಟಲಲ್ಲಿ ಸಿಕ್ಕಿತ್ತು, ಆಮೇಲೆ ಅವರೂ ಸಪ್ಪೆಯನ್ನೇ ಉಂಡರು, ಒಂದು ದಿನವೂ ತಪ್ಪಿಸಲಿಲ್ಲ, ಪುಣ್ಯಾತ್ಮ. ಆದರೆ ಡಾಕ್ಟರಮ್ಮ ಕೊಟ್ಟ ಮಾತ್ರೆ, ಅಯ್ಯೋ ಆ ಮಾತ್ರೆ, ನಮ್ಮ ಕೇರಿಯಲ್ಲಿ ಒಂದು ಮನೆಯಲ್ಲಿ ಹಲಸು ಕೊಯ್ದರೆ ಎಲ್ಲ ಮನೆಗೂ ತೊಳೆ ಹೋಗಬೇಕು, ಪಕ್ಕದ ಮನೆ ಚಿಕ್ಕಸಿದ್ದಮ್ಮ ಬಂದು, ಅಕ್ಕಯ್ಯಾ, ನಂಗೂ ತಲೆ ತಿರುಗ್ತದೆ ಕಣಕ್ಕ, ನಂಗೂ ವಸಿ ಕೊಡು ಅಂದರೆ ಇಲ್ಲ ಅನ್ನುವುದು ಹೇಗೆ, ಅಡಕತ್ತರಿಯಲ್ಲಿ ಅರ್ಧ ಮಾಡಿ ಕೊಟ್ಟೆ, ಮಾರನೆಯ ದಿನ ಇನ್ನೊಬ್ಬಳು ಬಂದಳು, ಕಾಲು ಭಾಗವಾಯಿತು, ಮೂರನೇ ವಾರಕ್ಕೆ ನನ್ನ ಪಾಲಿಗೆ ಉಳಿದದ್ದು ಕತ್ತರಿಗೆ ಅಂಟಿದ ಪುಡಿ. ಹೋದ ತಿಂಗಳು ನೂರ ತೊಂಬತ್ತಕ್ಕೇ ಡಾಕ್ಟರಮ್ಮನ ಹುಬ್ಬು ಹಾರಿತು, ಮಾತ್ರೆ ತಗೊಂಡ್ರಾ, ತಗೊಂಡೆ ಕಣವ್ವ, ಎಲ್ಲಾರೂವೆ ತಗೊಂಡೊ. ಮೊದಲು ರೇಗಿದರು, ಆಮೇಲೆ ಕಣ್ಣೀರು ಬರುವಷ್ಟು ನಕ್ಕರು, ಆ ಎಲ್ಲರನ್ನೂ ಕರೆದುಕೊಂಡು ಬನ್ನಿ ಅಂದರು, ಹನ್ನೊಂದು ಹೆಂಗಸರನ್ನು ಜಾತ್ರೆಗೆ ಹೊರಡಿಸಿದ ಹಾಗೆ ಹೊರಡಿಸಿಕೊಂಡು ಬಂದೆ, ಐದು ಜನಕ್ಕೆ ಒತ್ತಡ ಇತ್ತು, ಐವರಲ್ಲಿ ಒಬ್ಬಳಿಗೂ ಒಂದು ದಿನವೂ ತಲೆ ತಿರುಗಿರಲಿಲ್ಲ, ತಲೆ ತಿರುಗುತ್ತಿದ್ದ ಚಿಕ್ಕಸಿದ್ದಮ್ಮನಿಗೆ ಏನೂ ಇಲ್ಲ, ಬೆಳಿಗ್ಗೆ ಉಣ್ಣದೆ ಹೊಲಕ್ಕೆ ಹೋಗುತ್ತಿದ್ದಳಂತೆ ಅಷ್ಟೇ, ಎಲ್ರುಗೂ ಅದೆ ನಂಗ್ಯಾಕಿಲ್ಲ ಅಂತ ಮೂರು ದಿನ ಮುಖ ಊದಿಸಿಕೊಂಡಿದ್ದಳು. ಈಗ ಅವರವರ ಮಾತ್ರೆ ಅವರವರಿಗೆ, ಬೆಳಿಗ್ಗೆ ಐದು ಮನೆ ಬಾಗಿಲಲ್ಲಿ ನಿಂತು ನುಂಗಿದ್ಯೇನಮ್ಮಿ ಅಂತ ಕೇಳಿದ ಮೇಲೇ ನನ್ನ ಕಾಪಿ.

ನಿಂತಿತು, ಬುರುಡೆಯ ತಿರುಪು ಸಡಿಲಿತು, ಇಳಿಯುತ್ತಿದೆ, ಇನ್ನೂರು, ಡಾಕ್ಟರಮ್ಮನ ಕಿವಿಯಲ್ಲಿ ಕೊಳವೆ, ಹುಬ್ಬು ಅಲ್ಲೇ ಇದೆ, ನಿಂಗಯ್ಯನವರು ನೊಗ ಹಿಡಿದುಕೊಂಡೇ ಇತ್ತ ನೋಡುತ್ತಿದ್ದಾರೆ, ನೂರ ತೊಂಬತ್ತು, ಹೋದ ತಿಂಗಳು ಇಲ್ಲೇ — ಇಲ್ಲ, ಮಿಡಿಯಲಿಲ್ಲ, ಇಳಿ ನನ್ನಪ್ಪ, ಬೆಳ್ಳಿ ನೂಲಿನಂತೆ ಇಳಿ, ಚಲುವಿ ಹೊಸಿಲಲ್ಲಿ ಕಾಯುತ್ತಿದ್ದಾಳೆ, ಗಂಟು ಕಟ್ಟಿಟ್ಟಿದ್ದಾಳೆ, ನೂರ ಎಪ್ಪತ್ತು, ಸುಮ್ಮನಿದೆ, ನೂರ ಅರವತ್ತು, ಸುಮ್ಮನಿದೆ, ಕೆಂಪು ದಾರ, ದಾರದ ಮೇಲಿದೆ, ದಾರದಲ್ಲಿದೆ, ಪಾದರಸ ಸುಮ್ಮನಿದೆ, ದಾರ ದಾಟಿತು, ಇನ್ನೂ ಸುಮ್ಮನಿದೆ, ದಾರದ ಕೆಳಗೆ, ಪಾದರಸ, ಇನ್ನೂ ಸುಮ್ಮನೆ