ಎಂಬತ್ತು ಸುತ್ತಿನ ವಾಲ್ವು

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ವಾಲ್ವು ನೋಡಿಕೊಳ್ಳುವವನಿಗೆ ನಿಧಾನಿ ಅಂತಲೇ ಹೆಸರು. ದೊಡ್ಡ ಪೈಪಿನ ವಾಲ್ವು ಮುಚ್ಚಲು ಚಕ್ರ ಎಂಬತ್ತು ಸುತ್ತು ತಿರುಗಬೇಕು. ಕೊನೆಯ ಇಪ್ಪತ್ತು ಬಂದಾಗ ಸುತ್ತಿಗೊಮ್ಮೆ ನಿಂತು ಉಸಿರು ಬಿಡುತ್ತಿದ್ದ. ರಭಸದಿಂದ ಬರುವ ನೀರನ್ನು ತಟ್ಟನೆ ತಡೆದರೆ ಅದು ಪೈಪನ್ನೇ ಗುದ್ದುತ್ತದೆ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಚಕ್ರ ಹಿಡಿದ ಅಂಗೈಗೆ ಗೊತ್ತಿತ್ತು. ಪೈಪಿನ ತಿರುವಿನ ಕೆಳಗೇ ಅವನ ಹೆಂಡತಿ ಬಟ್ಟೆ ಜಾಲಿಸುವ ತೊಟ್ಟಿಯಿತ್ತು.

ಹೊಸ ಮ್ಯಾನೇಜರ್ ಒಂದು ದಿನ ಗಡಿಯಾರ ಹಿಡಿದು ನಿಂತ.

"ಏನಯ್ಯಾ, ವಾಲ್ವು ಮುಚ್ತಿದ್ದೀಯೋ, ಮಗು ಮಲಗಿಸ್ತಿದ್ದೀಯೋ? ನಾಳೆಯಿಂದ ಒಂದೇ ನಿಮಿಷ."

"ಪೈಪು ತಡೆಯಲ್ಲ ಸಾರ್. ಹೊಡೆತ ತಗೊಳ್ಳೋ ಗಾಳಿ ಟ್ಯಾಂಕನ್ನೂ ನೀವು ಕಿತ್ತು ಹಾಕ್ಸಿದ್ರಿ."

"ಆ ಜಾಗಕ್ಕೆ ಇನ್ನೊಂದು ಮೆಷಿನ್ ಬಂತಲ್ಲ! ಹೇಳಿದಷ್ಟು ಮಾಡು."

ಮಾಡಿದ. ಮೂರು ದಿನ ಪೈಪು ದಡ್ ದಡ್ ಎಂದಿತು. ನಾಲ್ಕನೆಯ ದಿನ ತಿರುವಿನಲ್ಲಿ ಸಿಡಿಯಿತು. ಹಾರಿದ ಕಬ್ಬಿಣದ ತುಂಡು ಹೆಂಡತಿಯ ಮೊಣಕಾಲನ್ನು ಪುಡಿ ಮಾಡಿತು. ತಿರುಗಿಸಿದ ಕೈ ತನ್ನದೇ ಎಂದು ನಿಧಾನಿ ಅತ್ತ.

ಆಸ್ಪತ್ರೆಯಲ್ಲಿ ಅವಳೇ ಅವನನ್ನು ಗದರಿದಳು. "ಬೇಕಂತ ಮಾಡಿದ್ಯಾ? ಅತ್ತಿದ್ದು ಸಾಕು. ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸ್ಬೇಡ, ಅಷ್ಟೇ."

ಪೈಪು ರಿಪೇರಿಯಾದ ದಿನ ಮ್ಯಾನೇಜರ್ ತೊಟ್ಟಿಗಳಿದ್ದ ಶೆಡ್ಡಿಗೇ ಕಾಗದ ತಂದ. ಅವಸರಪಟ್ಟು ವಾಲ್ವು ಮುಚ್ಚಿದ್ದು ನನ್ನದೇ ತಪ್ಪು, ಎಂದು ನಿಧಾನಿಯ ಹೆಸರಿನಲ್ಲಿ ಅದರಲ್ಲಿ ಬರೆದಿತ್ತು. ಎಲ್ಲರ ಬಾಯಲ್ಲಿ ನಿಧಾನಿಯಾದವನು ಕಾಗದದಲ್ಲಿ ಅವಸರಗಾರನಾಗಿದ್ದ!

"ಸೈನು ಹಾಕು. ಕೆಲಸ ಉಳಿಯುತ್ತೆ, ಹೆಂಡ್ತಿ ಕಾಲಿನ ಆಪರೇಷನ್ನೂ ನಾವೇ ಮಾಡಿಸ್ತೀವಿ. ಇಲ್ದಿದ್ರೆ ಇಬ್ಬರೂ ಗೇಟಿನ ಹೊರಗೆ."

ಬಟ್ಟೆ ಜಾಲಿಸುತ್ತಿದ್ದ ಹೆಂಗಸರ ಕೈ ನಿಂತಿತು. ನಿಧಾನಿ ಪೆನ್ನು ಮುಟ್ಟಲಿಲ್ಲ. ಹೋಗಿ ವಾಲ್ವಿನ ಚಕ್ರ ಹಿಡಿದ. ಒಳಗೆ ನೀರು ಭೋರೆಂದು ಹರಿಯುತ್ತಿತ್ತು.

"ಹಾಕ್ತೀನಿ ಸಾರ್. ಮೊದಲು ನೀವು ಆ ತಿರುವಿನ ಕೆಳಗೆ ನಿಂತ್ಕೊಳ್ಳಿ. ನೀವು ಹೇಳಿದ ಹಾಗೇ ಒಂದು ನಿಮಿಷದಲ್ಲಿ ಮುಚ್ತೀನಿ."

"ತಲೆ ಕೆಟ್ಟಿದೆಯಾ ನಿಂಗೆ?"

"ಯಾಕೆ ಸಾರ್?" ಎಂದಳು ಪಕ್ಕದ ತೊಟ್ಟಿಯ ಮುದುಕಿ. "ನಾವು ದಿನಾ ಅಲ್ಲೇ ನಿಂತಿರ್ತೀವಲ್ಲ."

ಮ್ಯಾನೇಜರ್ ಪೈಪಿನ ಕಡೆ ನೋಡಿದ, ಬಾಗಿಲ ಕಡೆಗೆ ಎರಡು ಹೆಜ್ಜೆ ಸರಿದ. ಇಡೀ ಶೆಡ್ಡು ಅದನ್ನು ನೋಡಿತು. ಹೆಂಗಸರು ಒಬ್ಬೊಬ್ಬರಾಗಿ ಕೈ ಒರೆಸಿಕೊಂಡು ತೊಟ್ಟಿ ಬಿಟ್ಟು ಬಂದರು, ನಿಧಾನಿಯ ಪಕ್ಕದಲ್ಲಿ ನಿಂತರು.